ಕುದುರೆ ನಿಂತಾಗ

ಭೂತರಾಮನಹಟ್ಟಿಯ ಗ್ರಂಥಾಲಯದಲ್ಲಿ ಕೂತು ಓದುತ್ತಿದ್ದೇನೆ,
ಜಾಝ್ ಎಲ್ಲಿ ಹುಟ್ಟಿತು ಎಂದು.
ಒಬ್ಬ ವಿದ್ವಾಂಸ ಹೇಳುತ್ತಾನೆ: ನ್ಯೂ ಆರ್ಲಿಯನ್ಸಿನ ಬಯಲಲ್ಲಿ,
ಭಾನುವಾರವಷ್ಟೇ ಬಿಡುವಿದ್ದ ಗುಲಾಮರ ಡೋಲಿನಲ್ಲಿ.
ಇನ್ನೊಬ್ಬ: ಅಲ್ಲ, ಯುದ್ಧ ಮುಗಿದು
ಅಗ್ಗಕ್ಕೆ ಬಿಕರಿಯಾದ ದಂಡಿನ ಹಿತ್ತಾಳೆಯಲ್ಲಿ.
ಮೂರನೆಯವಳು: ಹುಟ್ಟು ಕೇಳುವುದೇ ತಪ್ಪು,
ಬರೆದಿಟ್ಟವರು ಯಾರು, ಹಣ ಎಣಿಸಿದವರು ಯಾರು, ಅದನ್ನು ಕೇಳಿ.
ಅವಳ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೀಟೆಳೆದು
ಗ್ರಂಥಪಾಲಕರಿಂದ ಬೈಸಿಕೊಂಡೆ.

ನಮ್ಮಪ್ಪ ಯಮನಪ್ಪ ಭಜಂತ್ರಿ. ಕ್ಲಾರಿನೆಟ್.
ಖಡೇಬಜಾರದ ಹಿಂದಿನ ಓಣಿ, ಬ್ಯಾಂಡ್ ಕಂಪನಿ.
ಅವನಪ್ಪನದು ಸನಾದಿ.
ಕ್ಯಾಂಪಿನಲ್ಲಿ ಕಾಯ್ತಾನ್ ಮೇಸ್ತ್ರಿ ಅಂತ ಗೋವೆಯವನೊಬ್ಬ
ಒಂದು ಕೋಳಿ, ಎರಡು ಸೀಸೆ ಫೀ ಹಿಡಿದು
ಈ ಕರಿ ಕೊಳವೆಯನ್ನು ಅಜ್ಜನ ತುಟಿಗೆ ಕೊಟ್ಟನಂತೆ.
ಯಾವ ಇತಿಹಾಸದಲ್ಲೂ ಇದಿಲ್ಲ.
ಕೋಳಿ ಮಾತ್ರ ಅಜ್ಜಿಯ ಲೆಕ್ಕದಲ್ಲಿ ಸಾಯುವತನಕ ಇತ್ತು.

“ಅಪ್ಪಾ, ಇಂಪ್ರೊವೈಸೇಶನ್ ಅಂತಾರ.
ಬರದಿಡದ, ಆ ಗಳಿಗ್ಯಾಗ ಕಟ್ಟೂದು.
ಸ್ವಾತಂತ್ರ್ಯದ ಉಸಿರದು ಅಂತ ಪುಸ್ತಕದಾಗೈತಿ.”
ಅಪ್ಪ ರೀಡನ್ನು ನಾಲಿಗೆಯಲ್ಲಿ ನೆನೆಸುತ್ತ:
“ಗಣಪತಿ ಗಲ್ಲಿ ತಿರುವಿನ್ಯಾಗ ಮದುಮಗನ ಕುದುರಿ ನಿಂತಬಿಡತೈತಿ.
ಹಾಡು ಮುಗದಿರತೈತಿ, ಕುದುರಿ ಅಲ್ಲಾಡಂಗಿಲ್ಲ.
ಸುಮ್ಮಾದ್ರ ಬೀಗರು ಬೈತಾರ,
ಅದನ್ನ ಮತ್ತ ಊದಿದ್ರ ಹುಡುಗೂರು ನಗತಾರ.
ಆವಾಗ ಬಾಯಿಗೇನ ಬರತೈತಿ, ಅದು.”
ತುಸು ತಡೆದು,
“ಸ್ವಾತಂತ್ರ್ಯ ಕುದುರೀದು.”

ತಮ್ಮ ಹೆಸರು ಬದಲಿಸಿಕೊಂಡ. ಪೇಪರಿನಲ್ಲಿ ನಾಲ್ಕು ಸಾಲು:
ಇನ್ನು ಮುಂದೆ ಭಜಂತ್ರಿ ಅಲ್ಲ, ಯರಗಟ್ಟಿ.
ಬ್ಯಾಂಕಿನಲ್ಲಿ ಯಾರೂ, ಇಂದ ಎಲ್ಲಿ ಊದಾಕ ಹೊಂಟಿ, ಅನ್ನಬಾರದು.
ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ
“ಚಲೋ ಆತು ಬಿಡು” ಎಂದ.
ಅದೇ ವಾರ ಓದಿದೆ: ಎಷ್ಟೋ ಕಪ್ಪು ವಾದಕರು
ಜಾಝ್ ಎಂಬ ಪದವನ್ನೇ ಒಲ್ಲೆವೆಂದರಂತೆ,
ಅದು ಸೂಳೆಗೇರಿಯ ಗುರುತು, ಬ್ಯಾರೆ ಮಂದಿ ಅಂಟಿಸಿದ ಚೀಟಿ.
ಕೆಲವರು, ಅಂಟಿಸಿದ್ದನ್ನೇ ಬಾವುಟ ಮಾಡುತ್ತೇವೆ ಎಂದರಂತೆ.
ಪಂಡಿತರು ಐವತ್ತು ಪುಟ ಜಗಳಾಡುತ್ತಾರೆ.
ನಮ್ಮಲ್ಲಿ ಒಂದೇ ಪಡಿತರ ಚೀಟಿಯೊಳಗೆ
ಎರಡೂ ಹೆಸರು ಮಗ್ಗುಲಾಗಿ ಮಲಗಿವೆ.

ಸೆಮಿನಾರಿನಲ್ಲಿ ಪ್ರಾಧ್ಯಾಪಕರೊಬ್ಬರು
ಖಾನಾಪುರದ ಕಾಡಂಚಿನ ನತಾಲಿನ್ ಸಿದ್ದಿಯತ್ತ ಕೈ ಮಾಡಿ
“ನೋಡಿ, ಇವರ ರಕ್ತದಲ್ಲೇ ಲಯವಿದೆ” ಎಂದರು. ಚಪ್ಪಾಳೆ.
ಅವಳು ಎದ್ದು ನಿಂತಳು:
“ಸರ್, ನನ್ನ ವಿಷಯ ಸಹಕಾರಿ ಬ್ಯಾಂಕುಗಳ ಲೆಕ್ಕಪರಿಶೋಧನೆ.
ಡಮಾಮಿ ಬಾರಿಸೋಳು ನಮ್ಮಜ್ಜಿ. ಕಲಿಯಾಕ ಹನ್ನೆರಡು ವರ್ಷ ಹಿಡೀತು.
ರಕ್ತದಾಗ ಇದ್ದಿದ್ರ ಅಕಿ ಕೈ ಅಷ್ಟು ಒಡೀತಿದ್ದಿಲ್ಲ.”
ಕ್ಯಾಂಟೀನಿನಲ್ಲಿ ನನಗೆ ಹೇಳಿದಳು,
“ನಿನ್ನ ಪ್ರಬಂಧದಾಗ ನನ್ನ ಹಾಕಬ್ಯಾಡ.”
ಹಾಕಿಲ್ಲ.
ಇಲ್ಲಿ ಹಾಕಿದ್ದೇನೆ. ಇದಕ್ಕೇನು ಅನ್ನುತ್ತಾಳೋ.

ಮಾರ್ಗದರ್ಶಕರ ಕೆಂಪು ಶಾಯಿ: ಈ ಮಾತಿಗೆ ಆಕರ?
ಬರೆದೆ, ಅಳಿಸಿದೆ, ಮತ್ತೆ ಬರೆದೆ:
ಕುದುರೆ. ಗಣಪತಿ ಗಲ್ಲಿ ತಿರುವು. ರಾತ್ರಿ ಒಂಬತ್ತೂವರೆ.

ನಿನ್ನೆ ಮೊಬೈಲಿನಲ್ಲಿ ಅಪ್ಪನಿಗೆ ಕೇಳಿಸಿದೆ,
ನೂರು ವರ್ಷ ಹಳೆಯದು, ಒಗ್ಗರಣೆ ಚಟಪಟದೊಳಗಿಂದ ಒಂದು ಕ್ಲಾರಿನೆಟ್.
ಕೋಮಲವಲ್ಲ, ಶುದ್ಧವೂ ಅಲ್ಲ, ನಡುವೆ ಜಾರುವ ಗಾಂಧಾರ.
ಪುಸ್ತಕಗಳು ಅದನ್ನು ನೀಲಿ ಎನ್ನುತ್ತವೆ.
ಸೈಕಲ್ ಟ್ಯೂಬು ಬಿಗಿದ ತನ್ನ ಕೊಳವೆಯ ಕೀಲಿಯ ಮೇಲೆ
ಅಪ್ಪನ ಬೆರಳು ತಾನೇ ಹೋಗಿ ಕೂತಿತು.
“ಇಂವಗ ಊಟ ಎಲ್ಲಿ ಹಾಕತಿದ್ರು?”
ಹಿಂದಿನ ಬಾಗಿಲ ಹತ್ತಿರ ಅಪ್ಪಾ, ಅಡಿಗೀ ಮನ್ಯಾಗ,
ಎಲ್ಲಾರದೂ ಆದಮ್ಯಾಲ.
“ಹಂ. ಇನ್ನೊಮ್ಮೆ ಹಚ್ಚು.”

ಮೂರು ಸಲ ಹಚ್ಚಿದೆ.
ಅಪ್ಪ ಜೊತೆಗೆ ಊದಲಿಲ್ಲ.
ನಾಳೆ ಶಹಾಪುರದಲ್ಲಿ ಮದುವೆ,
ತುಟಿ ಉಳಿಸಿಕೊಳ್ಳಬೇಕು.